ಒತ್ತಿ ಉಜ್ಜಬಾರದು

ಬೇಸ್‌ಮೆಂಟಿನಲ್ಲಿ ಪೈಪ್ ಹಿಡಿದು ಯಾರೂ ಕಾರು ತೊಳೆಯಬಾರದೆಂದು ಅಪಾರ್ಟ್‌ಮೆಂಟಿನವರು ನಿಯಮ ಮಾಡಿದ್ದರು. ಹಾಗಾಗಿ ಆತ ಒಂದು ಬಕೆಟ್ ನೀರಿಗೆ ಶಾಂಪೂ ಬೆರೆಸಿ, ಮೆತ್ತನೆ ಬಟ್ಟೆ ಅದ್ದಿ, ಪಕ್ಕದ ಮನೆಯವರ ಕೆಂಪು ಕಾರನ್ನು ಒರೆಸುತ್ತಿದ್ದ.

"ಅಯ್ಯೋ ಅಂಕಲ್, ಈ ವಾರವೂ ನಮ್ಮ ಕಾರನ್ನ ನೀವೇ ತೊಳೀತಿದ್ದೀರಾ!" ಪಕ್ಕದ ಮನೆಯ ಪೂರ್ಣಿಮಾ ಓಡಿ ಬಂದಳು. "ಕೊಡಿ, ನಾನು ಮಾಡ್ತೀನಿ."

"ಇರಲಿ ಕಣಮ್ಮ," ಆತ ಅವಳ ಮುಖ ನೋಡದೆ ಹೇಳಿದ. "ಈ ಶಾಂಪೂಗೆ ಮತ್ತೆ ನೀರು ಸುರಿಯೋ ಕೆಲಸವಿಲ್ಲ, ಒಣಬಟ್ಟೇಲಿ ಒರೆಸಿದ್ರೆ ಮುಗೀತು. ಬಟ್ಟೆ ಮಡಿಕೆ ಮಾತ್ರ ಬದಲಾಯಿಸ್ತಾ ಇರಬೇಕು. ಒತ್ತಿ ಉಜ್ಜಬಾರದು, ಧೂಳೇ ಗೀರು ಹಾಕಿಬಿಡುತ್ತೆ."

ಹಿಂದಿನ ಬಾಗಿಲಿನ ಉದ್ದಕ್ಕೂ ಇದ್ದ ಗೀರಿನ ಹತ್ತಿರ ಬಂದಾಗ ಆತನ ಕೈ ನಿಂತಿತು.

"ಅದು ಹೋಗಲ್ಲ ಬಿಡಿ," ಅಂದಳು. "ನಾನೇ ಮಾಡಿದ್ದು."

"ನೀನಾ?"

"ಮತ್ತಿನ್ಯಾರು? ಆಗಿನ್ನೂ ಡ್ರೈವಿಂಗ್ ಕಲೀತಿದ್ದೆ. ಎಲ್ಲಿ ತಾಗಿಸಿದೆನೋ ನನಗೇ ಗೊತ್ತಾಗಲಿಲ್ಲ. ನಮ್ಮ ಯಜಮಾನರು ಅವತ್ತೇ ಕೀ ಕಿತ್ಕೊಂಡ್ರು. ನಿನ್ನ ಕೈಲಿ ಆಗೋ ಕೆಲಸ ಅಲ್ಲ ಅಂದ್ರು. ನಿಜಾನೇ ಅನ್ಸುತ್ತೆ."

ಆತ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡತೊಡಗಿದ.

"ಕಾಫಿ ತರ್ತೀನಿ ಇರಿ ಅಂಕಲ್. ನಿಮ್ಮಂಥವರು ಪಕ್ಕದಲ್ಲಿರೋದು ನಮ್ಮ ಪುಣ್ಯ," ಅನ್ನುತ್ತ ಅವಳು ಲಿಫ್ಟಿನೊಳಗೆ ಹೋದಳು.

ಲಿಫ್ಟಿನ ಬಾಗಿಲು ಮುಚ್ಚುವವರೆಗೆ ಆತ ಕಾದ. ಆಮೇಲೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ ತನ್ನ ಬಿಳಿ ಕಾರಿನ ಮುಂದೆ ನುಸುಳಿ ಕೂತು, ಬಂಪರಿಗೆ ಅಂಟಿ ಇನ್ನೂ ಹೋಗದಿದ್ದ ಕೆಂಪು ಬಣ್ಣವನ್ನು ಒತ್ತಿ ಒತ್ತಿ ಉಜ್ಜತೊಡಗಿದ.