ದನಿ ಕೊಟ್ಟವನ ಹೆಸರು

"ಎರಡೇ ಷರತ್ತು. ಒಪ್ಪಿದ್ರೆ ಸಹಿ, ಇಲ್ಲಾಂದ್ರೆ ಬಂದ ದಾರಿ ಇದ್ದೇ ಇದೆ," ಎಂದ ಲೋರಿಸ್, ಬ್ರಷ್ಷನ್ನು ಬಣ್ಣದ ಡಬ್ಬಿಗೆ ಅದ್ದುತ್ತಾ.

ಫೆಬ್ರವರಿಯ ಚಳಿಗೆ ಇಟಲಿಯ ರಿಮಿನಿ ಕಡಲತೀರದಲ್ಲಿ ಅವರಿಬ್ಬರನ್ನು ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಬೇಸಿಗೆಯಲ್ಲಿ ಛತ್ರಿ, ಕುರ್ಚಿ ಬಾಡಿಗೆಗೆ ಕೊಡುವ ಲೋರಿಸ್, ಚಳಿಗಾಲದಲ್ಲಿ ಬಟ್ಟೆ ಬದಲಿಸುವ ಕೋಣೆಗಳ ಬಾಗಿಲಿಗೆ ನೀಲಿ ಬಳಿಯುತ್ತಾನೆ. ಇವತ್ತು ಮಾತ್ರ ಹನ್ನೆರಡನೇ ಬಾಗಿಲಿಗೆ ಎರಡು ಸಲ ಬಳಿದು, ಹದಿಮೂರನ್ನು ಮರೆತು ಹದಿನಾಲ್ಕಕ್ಕೆ ಬಂದಿದ್ದ. ರೋಮಿನಿಂದ ಬಂದ ನಿರ್ದೇಶಕಿ ಜಿನೆವ್ರಾ 'ಕೋಮೆಟಾ' ಎಂಬ ಹಾಡುಗಾರ ಜೋಡಿಯ ಮೇಲೆ ಸಿನಿಮಾ ತೆಗೆಯುವವಳಿದ್ದಳು. ಎಂಬತ್ತರ ದಶಕದಲ್ಲಿ ಟಿ.ವಿ.ಯಲ್ಲಿ ಕುಣಿದು ಮೆರೆದವರು. ಹಾಡಿದ್ದು ಇವರಲ್ಲ, ಇವರದು ಬರೀ ತುಟಿ ಎಂದು ಬಯಲಾದ ಮೇಲೆ ತಲೆ ಎತ್ತದವರು. ಅವರಲ್ಲಿ ಫಾಸ್ತೊ ತೀರಿಕೊಂಡ. ಉಳಿದವನು ಲೋರಿಸ್ ಒಬ್ಬ.

"ಮೊದಲನೇದು, ಆ ಲೇರ್ಕೊನ ದ್ರೋಹಿ ಅಂತಾನೇ ತೋರಿಸ್ಬೇಕು. ಅವನನ್ನ ಹಾಡೋಕೆ ಅಂತ ಕರ್ಕೊಂಬಂದವ್ರು ನಾವು. ಅವನು ಪೇಪರ್‌ನೋರ ಹತ್ರ ಹೋಗಿ ಎಲ್ಲಾ ಊದಿಬಿಟ್ಟ."

"ಬರ್ದಾಗಿದೆ ನೋಡಿ." ಜಿನೆವ್ರಾ ಚಿತ್ರಕಥೆಯ ಹಾಳೆಯೊಂದನ್ನು ಸ್ಟೂಲಿನ ಮೇಲಿಟ್ಟಳು. 'ಲೇರ್ಕೊ: ಟೈಲ್ಸ್ ಕೂರಿಸುವವನು, ಗಾಯಕ, ದ್ರೋಹಿ.' ಓದಿ ಲೋರಿಸ್‌ಗೆ ಹೊಟ್ಟೆ ತಣ್ಣಗಾಯಿತು.

"ಎರಡನೇದು?"

"ಸಿನಿಮಾದಲ್ಲಿ ಹಾಡು ನಾನೇ ಹಾಡೋದು. ನನಗೂ ಹಾಡೋಕೆ ಬರುತ್ತೆ ಕಣಮ್ಮಾ. ಸಾಯೋದ್ರೊಳಗೆ ಜನಕ್ಕೆ ಅದೊಂದು ಗೊತ್ತಾಗ್ಲಿ."

"ಹಾಡಿ, ಕೇಳೋಣ."

ಲೋರಿಸ್ ಗಂಟಲು ಸರಿಮಾಡಿಕೊಂಡ. ಒಮ್ಮೆ ಕಡಲ ಕಡೆ ನೋಡಿದ, ಒಮ್ಮೆ ತನ್ನ ಶೂ ನೋಡಿಕೊಂಡ. ಮೊದಲ ಸಾಲು ಒಡಕಾಗಿ ಬಂತು. ಎರಡನೆಯದರಲ್ಲಿ ದನಿ ಕುದುರಿತು. ಪಲ್ಲವಿಗೆ ಬರುವಷ್ಟರಲ್ಲಿ ಜಿನೆವ್ರಾ ಕಾಫಿ ಲೋಟ ಕೈಯಲ್ಲೇ ಹಿಡಿದು ಕುಡಿಯುವುದನ್ನು ಮರೆತಿದ್ದಳು.

"ಇಷ್ಟು ವರ್ಷ ಎಲ್ಲಿಟ್ಟಿದ್ರಿ ಈ ದನೀನ? ಆಯ್ತು, ನೀವೇ ಹಾಡಿ. ನಮ್ಮ ಹೀರೋ ತುಟಿ ಆಡಿಸ್ತಾನೆ. ಅವನಿಗೆ ಒಂದು ಸಾಲೂ ಹಾಡೋಕೆ ಬರಲ್ಲ, ಮುಖ ಮಾತ್ರ ಚಿನ್ನ."

ಲೋರಿಸ್ ನಕ್ಕ. ಅರವತ್ತೈದರ ಮುಖದಲ್ಲಿ ಹಳೆಯ ಪೋಸ್ಟರಿನ ನಗು ಒಂದು ಕ್ಷಣ ಕಾಣಿಸಿತು. "ಹೆಸರು ಎಲ್ಲಿ ಹಾಕ್ತೀರಿ?"

"ಯಾವ ಹೆಸರು?"

"ನಂದು. ಹಾಡಿದವನು ಅಂತ."

ಜಿನೆವ್ರಾ ಅವನ ಭುಜದ ಮೇಲೆ ಕೈಯಿಟ್ಟಳು. "ಅದೊಂದು ಆಗಲ್ಲ ಲೋರಿಸ್ ಅವ್ರೇ. ಎಲ್ಲಾ ಹೀರೋನೇ ಹಾಡ್ತಾನೆ ಅಂತ ಆಗ್ಲೇ ಪೇಪರ್‌ನೋರಿಗೆ ಹೇಳಿಬಿಟ್ಟಿದ್ದೀವಿ. ಜನ ನಂಬೋದು ಮುಖಾನ. ನಿಮ್ಮ ಹೆಸರು ಕಂಡ್ರೆ ಮಜಾನೇ ಹೊರಟೋಗುತ್ತೆ."

ಈ ಮಾತನ್ನು ಲೋರಿಸ್ ಮೊದಲೇ ಕೇಳಿದ್ದ, ತನ್ನದೇ ಬಾಯಲ್ಲಿ. ರೆಕಾರ್ಡಿಂಗ್ ಸ್ಟುಡಿಯೋದ ಓಣಿಯಲ್ಲಿ ಲೇರ್ಕೊ ಉಗುರಿನಲ್ಲಿ ಸಿಮೆಂಟ್ ಇಟ್ಟುಕೊಂಡೇ ಬಂದು ಕೇಳಿದ್ದ: "ರೆಕಾರ್ಡಿನ ಕವರ್ ಮೂಲೇಲಿ, ಸಣ್ಣಕ್ಷರದಲ್ಲಿ, ನನ್ನ ಹೆಸರು ಹಾಕಿಸ್ತೀಯಾ? ನಮ್ಮಮ್ಮನಿಗೆ ತೋರಿಸ್ಬೇಕು." ಲೋರಿಸ್ ಹೀಗೆಯೇ ಅವನ ಭುಜ ತಟ್ಟಿ, ಇದೇ ಮಾತು ಹೇಳಿದ್ದ. ಅವನು ಪತ್ರಿಕೆಯವರ ಬಳಿ ಹೋದದ್ದು ಮರುವಾರ. ಹೋದದ್ದಕ್ಕೆ ಮೂವತ್ತೆಂಟು ವರ್ಷ ಅವನನ್ನು ಬೈದಿದ್ದಾಯಿತು. ಅವನು ಮೊದಲು ಬಂದು ಕೇಳಿದ್ದು ಮಾತ್ರ ಮರೆತೇ ಹೋಗಿತ್ತು.

"ಏನಾಯ್ತು? ಸಹಿ ಹಾಕ್ತೀರಲ್ಲ?"

ಲೋರಿಸ್ ಸ್ಟೂಲಿನ ಮೇಲಿದ್ದ ಹಾಳೆಗೆ ಬಾಗಿದ. 'ದ್ರೋಹಿ' ಎಂಬುದೊಂದನ್ನು ಅಳಿಸಿದರೆ ಸಾಕಿತ್ತು. ಆದರೆ ಕೈಯಲ್ಲಿದ್ದದ್ದು ಬಾಗಿಲಿಗೆ ಬಳಿಯುವ, ನಾಲ್ಕು ಬೆರಳಗಲದ ಬ್ರಷ್ಷು. ಒಂದೇ ಎಳೆತಕ್ಕೆ ಇಡೀ ಸಾಲು ನೀಲಿಯಾಯಿತು. ಗಾಬರಿಯಿಂದ ತೋಳಿನಲ್ಲಿ ಒರೆಸಿದ, ಬಣ್ಣ ಇನ್ನಷ್ಟು ಹರಡಿತು. ಅದರಡಿಯಲ್ಲಿ ಲೇರ್ಕೊನ ಹೆಸರು ಎರಡನೇ ಸಲವೂ ಹೋಗಿತ್ತು.