ನಾಲ್ಕನೇ ಗೆರೆ

ನಾಬನ್ನು ಹನ್ನೆರಡನೇ ಗೆರೆಯವರೆಗೆ ತಿರುಗಿಸಿದರೂ ಮೂಗಿಗೆ ಏನೂ ಹತ್ತಲಿಲ್ಲ. ಪರೀಕ್ಷಕ ಬಾಗಿಲ ಕಡೆ ಒಮ್ಮೆ ಕಳ್ಳನೋಟ ಬೀರಿದ. ಯಾರೂ ಇಲ್ಲ. ಪುಸ್ತಕದಲ್ಲಿ ಎಂದಿನಂತೆ ‘ನಾಲ್ಕು’ ಎಂದು ಬರೆದು ಸಹಿ ಹಾಕಿದ. ಈ ಸುಳ್ಳಿಗೆ ಇದು ಹನ್ನೆರಡನೇ ಸೋಮವಾರ.

ಅವನ ಕೆಲಸವೇ ಮೂಸುವುದು. ಪೈಪಿನಲ್ಲಿ ಊರಿನ ಮನೆಮನೆಗೂ ಹೋಗುವ ಗ್ಯಾಸನ್ನು ಒಂದು ಪುಟ್ಟ ಪೆಟ್ಟಿಗೆಯಲ್ಲಿ ಗಾಳಿಗೆ ಚೂರುಚೂರೇ ಬೆರೆಸುತ್ತ ಹೋಗಬೇಕು. ಸೋರಿದರೆ ಗೊತ್ತಾಗಲೆಂದು ಸ್ಟೇಷನ್ನಿನ ಪಂಪು ಗ್ಯಾಸಿಗೆ ಸೇರಿಸುವ, ಕೊಳೆತ ಮೊಟ್ಟೆಯಂಥ ಆ ನಾತ ಯಾವ ಗೆರೆಯಲ್ಲಿ ಮೂಗಿಗೆ ಬಡಿಯಿತೋ ಅದನ್ನು ಬರೆಯಬೇಕು. ನಾಲ್ಕರ ಆಸುಪಾಸಿನಲ್ಲಿ ಬಡಿದರೆ ಎಲ್ಲ ನೆಟ್ಟಗಿದೆ ಎಂದರ್ಥ. ಇದಕ್ಕೆ ಯಂತ್ರ ಬೇಡ, ಮನುಷ್ಯನ ಮೂಗೇ ಬೇಕು. ಹದಿನೆಂಟು ವರ್ಷ ಅವನ ಮೂಗು ಒಮ್ಮೆಯೂ ತಪ್ಪಿರಲಿಲ್ಲ. ಗ್ಯಾಸ್ ಸ್ಟೇಷನ್ನಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ ‘ಮೂಗು ಸಾಹೇಬ್ರು’ ಎಂದು.

ಮೂರು ತಿಂಗಳ ಹಿಂದೆ ಒಂದು ವಾರ ಜ್ವರ, ನೆಗಡಿ. ವಾಸಿಯಾಗಿ ಕೆಲಸಕ್ಕೆ ಬಂದ ಮೊದಲ ಸೋಮವಾರ ಪೆಟ್ಟಿಗೆಗೆ ಮೂಗಿಟ್ಟ. ಏನೂ ಇಲ್ಲ. ನೆಗಡಿಯ ಕೊಸರು ಇರಬಹುದು, ಮುಂದಿನ ವಾರ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿಕೊಂಡು ನಾಲ್ಕು ಎಂದು ಬರೆದ. ಮುಂದಿನ ವಾರವೂ ಅದೇ ಹಾಡು.

ಏನಾಗಿದೆ ಎಂದು ಅವನಿಗೆ ಗೊತ್ತಿತ್ತು. ಅವನಿಗಿಂತ ಮೊದಲು ಈ ಕುರ್ಚಿಯಲ್ಲಿದ್ದವನಿಗೂ ಹೀಗೇ ಆಗಿತ್ತು. ವರ್ಷಗಟ್ಟಲೆ ಒಂದೇ ನಾತ ಹೀರಿದ ಮೂಗು ಕೊನೆಗೆ ಅದೊಂದಕ್ಕೇ ಸೋತುಬಿಡುತ್ತದಂತೆ. ಸಾಬೂನು, ಸೀದ ಹಾಲು ಎಲ್ಲ ಗೊತ್ತಾಗುತ್ತದೆ. ಇದು ಮಾತ್ರ ಇಲ್ಲ. ಆ ಮನುಷ್ಯನನ್ನು ಉಗ್ರಾಣಕ್ಕೆ ಹಾಕಿ ಕೈಗವಸು ಜೋಡಿಸಲು ಕೂರಿಸಿದ್ದರು. ಅಲ್ಲಿ ಹಾದುಹೋಗುವಾಗಲೆಲ್ಲ ಮೂಗು ಮುಚ್ಚಿಕೊಂಡು ಅವನನ್ನು ಅಣಕಿಸುತ್ತಿದ್ದವರಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಇವನೇ. ಈಗ ಅದೇ ಉಗ್ರಾಣದ ಮುಂದೆ ಬರಬಾರದೆಂದು ಸುತ್ತು ಬಳಸಿ ಓಡಾಡುತ್ತಿದ್ದ.

ಅಂದು ಹನ್ನೊಂದು ಗಂಟೆಗೆ ಸಭೆ ಇತ್ತು. ಮುಖ್ಯ ಎಂಜಿನಿಯರ್ ಅವನ ಕೈಗೆ ಚೌಕಟ್ಟು ಹಾಕಿಸಿದ ಪ್ರಶಸ್ತಿಪತ್ರ ಕೊಟ್ಟರು. ಹಚ್ಚಿದ ವಾರ್ನಿಷ್ ಇನ್ನೂ ಘಮ್ಮೆನ್ನುತ್ತಿತ್ತು.

“ಮೊದಲು ಗ್ಯಾಸ್ ವಾಸನೆ ಬರ್ತಿದೆ ಅಂತ ತಿಂಗಳಿಗೆ ಮೂವತ್ತು, ನಲವತ್ತು ಫೋನ್ ಬರ್ತಿದ್ವು,” ಎಂದರು ಅವರು. “ಸುಮಾರು ಮೂರು ತಿಂಗಳಿಂದ ಒಂದೇ ಒಂದು ಬಂದಿಲ್ಲ. ಹಳೆ ಪೈಪಿನ ಜೋಡಣೆಗಳನ್ನ ಬದಲಾಯಿಸಿದ್ದು, ಇವರ ಮೂಗಿನ ಕಾವಲು, ಎರಡೂ ಸಾರ್ಥಕ ಆಯ್ತು.”

ಎಲ್ಲರೂ ಚಪ್ಪಾಳೆ ತಟ್ಟಿದರು. ನೆಲ ಬಾಯಿಬಿಡಬಾರದೇ ಎನ್ನಿಸಿತು ಅವನಿಗೆ. ಪುಣ್ಯಕ್ಕೆ ಯಾರಿಗೂ ಏನೂ ಆಗಿಲ್ಲ. ಆದರೆ ಹನ್ನೆರಡು ಸುಳ್ಳು ಸಹಿ ಹಾಕಿದ ಕೈಯಲ್ಲೇ ಪ್ರಶಸ್ತಿ ಹಿಡಿದು ನಿಲ್ಲುವುದೆಂದರೆ!

ಕೆಳಗಿಳಿದು ಬಂದಾಗ ಪಂಪಿನವನು ಬೆನ್ನು ತಟ್ಟಿದ. “ಪಂಪಿಗೆ ಹಸಿರು ದೀಪ, ಪುಸ್ತಕದಲ್ಲಿ ನಿಮ್ಮ ನಾಲ್ಕು. ನಾನಂತೂ ನಿಮ್ಮ ಮೂಗಿನ ಮೇಲೆ ಭಾರ ಹಾಕಿ ಆರಾಮಾಗಿದೀನಿ ಸಾಹೇಬ್ರೇ.”

ಆ ಮಾತು ಮುಳ್ಳಿನಂತೆ ಚುಚ್ಚಿತು. ಇನ್ನು ಸಾಕು. ನಾಳೆ ಬೆಳಿಗ್ಗೆ ಎಂಜಿನಿಯರ್ ಮುಂದೆ ಎಲ್ಲ ಒಪ್ಪಿಕೊಳ್ಳುವುದು, ಉಗ್ರಾಣವಾದರೆ ಉಗ್ರಾಣ ಎಂದು ನಿರ್ಧರಿಸಿದ. ಆದರೆ ಮೊದಲು ಹೆಂಡತಿಗೆ ಹೇಳಬೇಕು. ಧೈರ್ಯಕ್ಕೆಂದು ದಾರಿಯಲ್ಲಿ ಎರಡು ಸಿಗರೇಟು ಸೇದಿದ. ಸಭೆಯ ಗಡಿಬಿಡಿಯಲ್ಲಿ ಸೊಂಟದ ಸೋರಿಕೆ ಮಾಪಕವನ್ನು ಸ್ಟೇಷನ್ನಿನಲ್ಲಿ ಬಿಚ್ಚಿಡುವುದನ್ನೂ ಮರೆತಿದ್ದ.

ಮಟಮಟ ಮಧ್ಯಾಹ್ನ. ಅಡುಗೆಮನೆಯಲ್ಲಿ ಹೆಂಡತಿ ಒಲೆಗೆ ಬೆನ್ನು ಹಾಕಿ ಕುಳಿತು ಬಟಾಣಿ ಬಿಡಿಸುತ್ತಿದ್ದಳು. ಅವನಿನ್ನೂ ಹಜಾರದಲ್ಲಿ ಚಪ್ಪಲಿ ಬಿಡುತ್ತಿದ್ದ.

“ಇವತ್ತು ಎರಡು ಸೇದಿದೀರಿ,” ಎಂದಳು ತಲೆ ಎತ್ತದೆ.

ಲೆಕ್ಕ ಸರಿಯಾಗಿತ್ತು. ನಿಜವಾದ ಮೂಗು ಸಾಹೇಬ್ರು ಇವಳೇ ಎಂದು ಅವನು ಸದಾ ತಮಾಷೆ ಮಾಡುತ್ತಿದ್ದ. ಇವತ್ತು ನಗು ಬರಲಿಲ್ಲ. ಪ್ರಶಸ್ತಿಪತ್ರವನ್ನು ಗೋಡೆಗೆ ಮುಖಮಾಡಿ ಇಟ್ಟು, ನಿಂತಲ್ಲಿಂದಲೇ ಹೇಳಿದ.

“ನನ್ನ ಮೂಗು ಹೋಗಿದೆ ಕಣೇ. ಮೂರು ತಿಂಗಳಾಯ್ತು. ಸುಮ್ಮನೆ ಸುಳ್ಳು ಬರೀತಾ ಇದೀನಿ.”

ಅವಳ ಕೈ ನಿಂತಿತು. “ಅಷ್ಟು ದಿನದಿಂದ ಒಬ್ಬರೇ ಒದ್ದಾಡ್ತಿದ್ರಾ? ನನಗೊಂದು ಮಾತು ಹೇಳಬಾರದಿತ್ತಾ?”

“ನಾಚಿಕೆ ಆಯ್ತು. ಆ ಕೈಗವಸಿನವನನ್ನ ಎಷ್ಟು ಆಡಿಕೊಂಡಿದ್ದೆ ಗೊತ್ತಲ್ಲ.”

“ಇದರಿಂದ ಯಾರಿಗಾದ್ರೂ ತೊಂದರೆ ಆಯ್ತಾ?”

“ಇಲ್ಲ. ಒಂದು ದೂರೂ ಬಂದಿಲ್ಲ.”

“ಮತ್ತೆ? ನಾಳೆ ಹೋಗಿ ಹೇಳಿಬಿಡಿ. ಕೈಗವಸು ಜೋಡಿಸಿದರೆ ಮಾನ ಹೋಗಲ್ಲ.” ಎದ್ದು ಒಲೆಯ ಕಡೆ ತಿರುಗಿದಳು. “ಅಯ್ಯೋ, ನೀರು ಉಕ್ಕಿ ಒಲೆ ಆರಿಹೋಗಿದೆ ನೋಡಿ. ಯಾವಾಗ ಆಯ್ತೋ ಏನೋ.”

ಅವಳು ಲೈಟರಿಗೆ ಕೈಹಾಕಿದಳು. ಅವನು ಅಡುಗೆಮನೆಯ ಹೊಸ್ತಿಲು ದಾಟಿದ್ದಷ್ಟೇ, ಸೊಂಟದ ಮಾಪಕ ಕಿರುಚತೊಡಗಿತು.

ಹಾರಿ ಅವಳ ಮಣಿಕಟ್ಟು ಹಿಡಿದ. ಲೈಟರ್ ಕಿತ್ತುಕೊಂಡ, ಒಲೆಯ ನಾಬ್ ಬಂದ್ ಮಾಡಿದ, ಕಿಟಕಿ ತೆರೆದ, ಅವಳನ್ನು ಎಳೆದುಕೊಂಡು ಹಿತ್ತಲಿಗೆ ಓಡಿದ. ಇಬ್ಬರೂ ಗೋಡೆಗೆ ಒರಗಿ ಏದುಸಿರು ಬಿಟ್ಟರು.

“ನನ್ನ ಮೂಗಂತೂ ಸತ್ತಿದೆ,” ಎಂದ. “ಅಲ್ಲೇ ಕೂತಿದ್ದೆಯಲ್ಲ, ನಿನಗೆ ವಾಸನೆ ಬರಲಿಲ್ವಾ?”

ಅವಳು ಅವನನ್ನು ವಿಚಿತ್ರವಾಗಿ ನೋಡಿದಳು.

“ನಿಮ್ಮ ಸಿಗರೇಟಿನದು ಬಂತು. ಇನ್ಯಾವ ವಾಸನೆ?”

ಅವನ ಮೂಗಿಗೆ ಏನೂ ಆಗಿರಲಿಲ್ಲ. ಹನ್ನೆರಡು ಸೋಮವಾರಗಳಿಂದ ಊರಿನ ನಲವತ್ತು ಸಾವಿರ ಒಲೆಗಳಿಗೆ ಹರಿಯುತ್ತಿದ್ದ ಗ್ಯಾಸಿಗೇ ವಾಸನೆ ಇರಲಿಲ್ಲ.