ಏಳೆಂಟ್ಲ ಐವತ್ತಾರು

“ಮುರಿದಿರೋದು ಬೆಂಚಲ್ಲ, ಮಣಿಕಟ್ಟು!” ಮುಖ್ಯೋಪಾಧ್ಯಾಯಿನಿ ನೆಕೇಸಾ ಮೇಜು ಕುಟ್ಟಿದರು. “ಅದೂ ಬಲಗೈದು. ಪರೀಕ್ಷೆಗೆ ಇನ್ನು ಮೂರೇ ವಾರ ಇದೆ!”

ಎದುರಿಗೆ ಕೂತಿದ್ದ ಒಬಿಯೆರೊ ತಲೆ ತಗ್ಗಿಸಿದ. ಸರೋವರದ ದಡದಲ್ಲಿ ದೋಣಿಗೆ ಡಾಂಬರು ಬಳಿಯುತ್ತಿದ್ದವನು ಕರಿ ಕೈಯಲ್ಲೇ ಓಡಿ ಬಂದಿದ್ದ. ಫೋನಿಗೆ ಬಂದದ್ದು ಒಂದೇ ಸಾಲು: ‘ಪೋಷಕರು ಕೂಡಲೇ ಬರತಕ್ಕದ್ದು.’

ಗೋಡೆಗೆ ಅಂಟಿಕೊಂಡು ನಿಂತಿದ್ದಳು ಅಪೊಂಡಿ. ಮೂರನೇ ತರಗತಿ. ನೀಲಿ ಸಮವಸ್ತ್ರದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಆಚೆ ಮೂಲೆಯಲ್ಲಿ ಅಕೇಯೊ, ಅದೇ ತರಗತಿ, ಅದೇ ಬೆಂಚು. ಕೈಗೆ ಹೊಸ ಪ್ಲಾಸ್ಟರ್. ನರ್ಸ್ ಕೊಟ್ಟ ಪೆಪ್ಪರ್‌ಮಿಂಟನ್ನು ಎಲ್ಲರಿಗೂ ಕೇಳುವಂತೆ ಚೀಪುತ್ತಿದ್ದಳು.

“ಬೇಕಂತಲೇ ಗಾಯ ಮಾಡಿದರೆ ಹೆಸರು ಹೊಡೆದುಹಾಕಬೇಕು,” ಎಂದರು ನೆಕೇಸಾ. “ ನಿಯಮ ಇದೆ.”

ಒಬಿಯೆರೊ ಅಪೊಂಡಿಯತ್ತ ನೋಡಿದ. ಒಮ್ಮೆ ಕಳಿಸಿಬಿಟ್ಟರೆ ಅಪೊಂಡಿ ಮತ್ತೆ ಈ ಗೇಟಿನೊಳಗೆ ಕಾಲಿಡುವವಳಲ್ಲ. ಎಷ್ಟು ಹಟ ಹಿಡಿದು ಶಾಲೆಗೆ ಸೇರಿದ್ದಳು! ಹೆಸರು ಬರೆಯಲು ಬಂದ ದಿನ ಗೋಡೆ, ನೀರಿನ ಕ್ಯಾನು, ಅವನ ದೋಣಿ, ಯಾವುದನ್ನೂ ಬಿಡದೆ ಸೀಮೆಸುಣ್ಣದಲ್ಲಿ ಗೀಚಿದ್ದಳು.

“ಕಾರಣ ಏನು?” ನೆಕೇಸಾ ಅಪೊಂಡಿಯ ಕಡೆ ತಿರುಗಿದರು.

“ಟೀಚರ್ ಏಳೆಂಟ್ಲ ಎಷ್ಟು ಅಂದ್ರು. ನಾನು ಬಾಯಿ ತೆರೀತಾ ಇದ್ದೆ. ಅಷ್ಟರಲ್ಲಿ ಇವಳು ಎದ್ದು ಐವತ್ತಾರು ಅಂದ್ಬಿಟ್ಟಳು!” ಕೆಳಹಲ್ಲಿಲ್ಲದ ಬಾಯಿಂದ ಮಾತಿಗಿಂತ ಗಾಳಿಯೇ ಹೆಚ್ಚು ಹೊರಟಿತು. “ಮೊದಲು ಹೇಳೋಳು ನಾನು. ಇವಳು ಆಮೇಲೆ. ಅದು ಇವಳಿಗೂ ಗೊತ್ತು.”

“ಅದಕ್ಕೆ ಬೆಂಚು ಎಳೆಯೋದಾ?”

“ಎಳೆದಿದ್ದು ಸ್ವಲ್ಪವೇ. ಇವಳು ಕೂತಿದ್ದು ಜಾಸ್ತಿ ಆಯ್ತು.”

ನೆಕೇಸಾ ಕೆಮ್ಮಿ ನಗು ನುಂಗಿದರು. ಈ ಶಾಲೆಗೆ ಬಂದು ಅವರಿಗೆ ಒಂದು ವಾರವೂ ಆಗಿರಲಿಲ್ಲ. “ನೋಡ್ರೀ, ಗಾಯಗೊಂಡ ವಿದ್ಯಾರ್ಥಿನಿಯ ಪೋಷಕರು ಆ ಕುರ್ಚಿಯಲ್ಲಿ ಕೂರ್ತಾರೆ. ಅವರು ಕ್ಷಮಿಸಿದರೆ ಮುಂದಿನ ಮಾತು.”

ಒಬಿಯೆರೊ ಎದ್ದ. ಖಾಲಿ ಕುರ್ಚಿಗೆ ಕೈಮುಗಿದು, “ತಪ್ಪಾಯ್ತು” ಎಂದ. ಆಮೇಲೆ ಮೇಜು ಸುತ್ತಿ ಹೋಗಿ ಅದೇ ಕುರ್ಚಿಯಲ್ಲಿ ಕುಳಿತ.

“ಏನ್ರೀ ಇದು?”

“ಇವಳಿಗೂ ನಾನೇ, ಮೇಡಂ. ಇಬ್ಬರೂ ಒಂದೇ ಮನೆ.” ಹಣೆ ಉಜ್ಜಿಕೊಂಡ, ಹಣೆಯೂ ಕಪ್ಪಾಯಿತು. “ಕ್ಷಮಿಸಬೇಕೋ ಬೇಡವೋ ಯೋಚನೆ ಮಾಡ್ತಿದೀನಿ. ಪಾಪ, ಕೈ ತುಂಬಾ ಊದಿದೆ.”

ನಂತರ ಅವನೇ ಬಿಡಿಸಿ ಹೇಳಿದ. ಹೊಲದಲ್ಲೂ ಇದೇ ಕಥೆ. ಅಪೊಂಡಿ ಮೊದಲ ಜೋಳದ ಕಾಳು ಹಾಕದೆ ಅಕೇಯೊ ಮಣ್ಣು ಮುಟ್ಟುವಂತಿಲ್ಲ. ಸುಗ್ಗಿಯ ಮೊದಲ ತುತ್ತೂ ಅಪೊಂಡಿಯದೇ. ಮಗ್ಗಿಗೆ ಆ ಕಟ್ಟಳೆ ಇಲ್ಲವೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಪೆಪ್ಪರ್‌ಮಿಂಟ್ ಮುಗಿಯಿತು. ಅಕೇಯೊ ಬಾಯಿಬಿಟ್ಟಳು.

“ಹೆಸರು ಹೊಡೀಬೇಡಿ, ಮೇಡಂ. ಮನೆಗೆ ಕಳಿಸಿದ್ರೆ ಇವಳು ಹಾಯಾಗಿ ಮೀನು ತಿಂದ್ಕೊಂಡು ಕೂರ್ತಾಳೆ. ನನ್ನ ಪಾಠ ಯಾರು ಬರೀತಾರೆ? ಪ್ಲಾಸ್ಟರ್ ಬಿಚ್ಚೋವರೆಗೂ ಇವಳೇ ಬರೀಲಿ, ಪರೀಕ್ಷೇಲೂ ಅಷ್ಟೇ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಪರವಾಗಿಲ್ಲ.” ಅವಳು ಅಪೊಂಡಿಯನ್ನು ನೋಡಿ ಸಿಹಿಯಾಗಿ ನಕ್ಕಳು. “ನಾನು ಮೊದಲು ಹೇಳ್ತೀನಿ. ಇವಳು ಆಮೇಲೆ ಬರೀತಾಳೆ.”

“ಅಯ್ಯೋ! ಅದಕ್ಕಿಂತ ನನ್ನ ಹೊರಗೇ ಹಾಕಿ!” ಅಪೊಂಡಿ ಚೀರಿದಳು.

“ಹಾಗಾದರೆ ಶಿಕ್ಷೆ ಸರಿಯಾಗಿದೆ,” ಎಂದರು ನೆಕೇಸಾ. “ಹೆಸರು ಇರುತ್ತೆ. ನಾಳೆಯಿಂದಲೇ ಬರೆಯೋದು ಶುರು.”

ಅವರು ಎರಡು ಹಾಳೆಗಳನ್ನು ಮುಂದೆ ತಳ್ಳಿದರು. ವಿದ್ಯಾರ್ಥಿನಿಯ ವಯಸ್ಸು, ಪೋಷಕರಿಗೆ ಏನಾಗಬೇಕು, ಸಹಿ. ಒಬಿಯೆರೊ ಮೊದಲು ಅಪೊಂಡಿಯ ಹಾಳೆಯನ್ನೇ ಎತ್ತಿಕೊಂಡ. ಇನ್ನೊಂದು ಮಣಿಕಟ್ಟು ಮುರಿಯುವುದು ಯಾರಿಗೂ ಬೇಕಿರಲಿಲ್ಲ.

‘ಎಪ್ಪತ್ತೊಂದು. ಹೆತ್ತಮ್ಮ,’ ಎಂದು ಬರೆದ. ಆಮೇಲೆ ಅಕೇಯೊಳದು: ‘ಅರವತ್ತನಾಲ್ಕು. ಅಪ್ಪನ ಕಿರಿಯ ಹೆಂಡತಿ.’